ಮಕ್ಕಳ ಈಜು ಕ್ಲಬ್, ಕಲಬುರಗಿ: ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಗೇಟಿನ ಹತ್ತಿರ ನಿಂತು ಕೇಳಿದವು, ಫೋನಿನಲ್ಲಿ ಬಂದವು, ಮಕ್ಕಳ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದವು, ಎಲ್ಲವನ್ನೂ ಇಲ್ಲಿ ಕೂಡಿಸಿದ್ದೇವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇವೆ. ಹೊಸಬರು ಮೇಲಿನಿಂದ ಓದಲಿ. ಸ್ಪರ್ಧೆಗೆ ಹೋಗುವ ಮಕ್ಕಳ ಮನೆಯವರು ನೇರ ಮೂರನೆಯ ಭಾಗಕ್ಕೆ ಹೋಗಬಹುದು. ಹಳ್ಳಿಯಲ್ಲಿ ಹೊಲ, ಬಾವಿ, ಕೃಷಿ ಹೊಂಡ ಇರುವವರು ಮಾತ್ರ ಕೊನೆಯ ಭಾಗ ಬಿಡಬೇಡಿ.

## ಸೇರುವ ಮುಂಚೆ

ನಮ್ಮ ಹುಡುಗಗ ಐದು ವರ್ಷ ಆಗ್ಯಾವ್ರಿ. ಈಗೇ ಈಸಲಿಕ್ಕೆ ಹಾಕಬಹುದೇನ್ರಿ?

ನಾವು ವಯಸ್ಸಿಗಿಂತ ಎತ್ತರ ನೋಡುತ್ತೇವೆ. ಕಲಿಯುವ ಕಡೆ ನೀರು 90 ಸೆಂ.ಮೀ. ಇರುತ್ತದೆ. ಅಲ್ಲಿ ನಿಂತಾಗ ಮಗುವಿನ ಭುಜ ನೀರಿನ ಮೇಲೆ ಕಾಣಬೇಕು. ಹೆಚ್ಚಿನ ಮಕ್ಕಳಿಗೆ ಇದು ಆರು ವರ್ಷದ ಹೊತ್ತಿಗೆ ಸರಿಹೋಗುತ್ತದೆ. ಅದಕ್ಕಿಂತ ಗಿಡ್ಡ ಇದ್ದರೆ ಅಪ್ಪನೋ ಅವ್ವನೋ ಜೊತೆಗೆ ನೀರಿಗಿಳಿಯಬೇಕು, ದಂಡೆಯ ಮೇಲೆ ಕುಂತು ನೋಡುವುದು ಸಾಲದು. ಫಿಟ್ಸ್ ಬರುವ, ದಮ್ಮು ಇರುವ, ಹೃದಯದ ತೊಂದರೆ ಇರುವ ಮಗುವಾದರೆ ಫಾರ್ಮಿನಲ್ಲಿ ಬರೆದೇ ಬರೆಯಿರಿ. ಬರೆದರೆ ಸೇರಿಸಿಕೊಳ್ಳುವುದಿಲ್ಲ ಎಂಬ ಹೆದರಿಕೆ ಬೇಡ. ಫಿಟ್ಸ್ ಇರುವ ಮಗುವಿನ ಮೇಲೆ ಒಬ್ಬರು ಕಣ್ಣಿಟ್ಟೇ ಇರಬೇಕಾಗುತ್ತದೆ, ಅದಕ್ಕೆ ನಮಗೆ ಗೊತ್ತಿರಬೇಕು.

ಬ್ಯಾಸಗಿ ಶಿಬಿರದಾಗ 21 ದಿನಕ್ಕ ಈಸು ಬರ್ತದೇನ್ರಿ?

"ಬರ್ತದ" ಅಂದರೆ ಏನು ಎನ್ನುವುದರ ಮೇಲಿದೆ. ಮೊದಲ ಮೂರು ದಿನ ಬಾಯಿ ಮುಳುಗಿಸಿ ಗುಳ್ಳೆ ಬಿಡುವುದು. ಒಂದು ವಾರದೊಳಗೆ ಅಂಗಾತ, ಬೋರಲು ಎರಡೂ ತೇಲುವುದು, ಗೋಡೆ ಒದ್ದು ಜಾರುವುದು. ಎರಡನೆಯ ವಾರ ತೇಲುವ ಹಲಗೆ, ಅಂದರೆ ಕಿಕ್‌ಬೋರ್ಡ್ ಹಿಡಿದು ಕಾಲು ಬಡಿಯುವುದು. ಮೂರನೆಯ ವಾರ ಕೈ ಮತ್ತು ಉಸಿರು ಕೂಡಿಸುವುದು. ಇಷ್ಟಾದಾಗ ಸಾಧಾರಣ ಮಗು 10–15 ಮೀಟರ್ ದಾಟುತ್ತದೆ. ಅದು ಈಸು ಬಂದಂತಲ್ಲ.

ನಮ್ಮ ಲೆಕ್ಕದಲ್ಲಿ ಬಂತು ಅಂದರೆ ಹೀಗೆ: ಆಳದ ಕಡೆ ಜಿಗಿಯಬೇಕು, ತಾನೇ ಮೇಲೆ ಬರಬೇಕು, ಹೊರಳಿ ಒಂದು ನಿಮಿಷ ಅಂಗಾತ ತೇಲಬೇಕು, 25 ಮೀಟರ್ ಈಸಬೇಕು, ಏಣಿ ಹಿಡಿಯದೆ ದಂಡೆ ಹತ್ತಬೇಕು. ಐದೂ ಒಂದೇ ಸಲಕ್ಕೆ ಆಗಬೇಕು. ಆಗದಿದ್ದರೆ ಪ್ರಮಾಣಪತ್ರ ಕೊಡುವುದಿಲ್ಲ. ಇದಕ್ಕೆ ಕೆಲವು ಪಾಲಕರು ಬೇಜಾರಾಗುತ್ತಾರೆ. ಆದರೆ ಆ ಕಾಗದ ನಂಬಿ ಜೂನಿನಲ್ಲಿ ಮಗುವನ್ನು ತುಂಬಿದ ಬಾವಿಗೆ ಬಿಡುವವರೂ ಇರುತ್ತಾರೆ.

ಬಾವ್ಯಾಗ ಛಲೋ ಈಸ್ತಾನ್ರಿ. ಅವಗ ಮತ್ತೇನ ಕಲಿಸ್ತೀರಿ?

ಸೊಂಟಕ್ಕೆ ಸೋರೆಬುರುಡೆಯೋ ಡಬ್ಬಿಯೋ ಕಟ್ಟಿಕೊಂಡು ಬಾವಿಯಲ್ಲಿ ಕಲಿತ ಹುಡುಗರು ನಮಗೆ ಇಷ್ಟ. ಆಳಕ್ಕೆ ಹೆದರುವುದಿಲ್ಲ, ಕಾಲಿಗೆ ನೆಲ ಸಿಗದಿದ್ದರೂ ಗಾಬರಿಯಾಗುವುದಿಲ್ಲ. ಪಟ್ಟಣದ ಹುಡುಗನಿಗೆ ಇದನ್ನು ಕಲಿಸಲು ತಿಂಗಳು ಬೇಕು.

ಬಿಡಿಸಬೇಕಾದದ್ದು ಮೂರು. ಒಂದು, ತಲೆ ಎತ್ತಿ ಈಸುವುದು. ತಲೆ ಮೇಲೆದ್ದಷ್ಟೂ ಸೊಂಟ ಕೆಳಗಿಳಿಯುತ್ತದೆ. ಆಗ ಹುಡುಗ ನೀರನ್ನು ಸೀಳಿ ಹೋಗುವ ಬದಲು ಎದೆಯಿಂದ ತಳ್ಳಿಕೊಂಡು ಹೋಗುತ್ತಾನೆ. ಎರಡು, ಉಸಿರು ಬಿಗಿಹಿಡಿಯುವುದು. ಬಾವಿಯ ಅಗಲ ನಾಲ್ಕು ಮಾರು, ಒಂದೇ ಉಸಿರಿಗೆ ಮುಗಿಯುತ್ತದೆ. 50 ಮೀಟರಿಗೆ ಅದು ನಡೆಯುವುದಿಲ್ಲ. ಮುಖ ನೀರಲ್ಲಿದ್ದಾಗಲೇ ಮೂಗು, ಬಾಯಿಯಿಂದ ಉಸಿರು ಬಿಟ್ಟು, ಮುಖ ಪಕ್ಕಕ್ಕೆ ಹೊರಳಿಸಿದಾಗ ಬರೀ ಎಳೆದುಕೊಳ್ಳಬೇಕು. ಮೂರು, ಕತ್ತರಿ ಕಾಲು. ಒಂದು ಕಾಲು ಮುಂದೆ, ಒಂದು ಹಿಂದೆ ಹೊಡೆಯುವ ಈ ಒದೆತ, ಕಪ್ಪೆಯಂತೆ ಈಸುವ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ನಿಯಮಬಾಹಿರ. ಬಾವಿ ಹುಡುಗರು ಮೊದಲ ಕೂಟದಲ್ಲಿ ಹೊರಬೀಳುವುದು ಹೆಚ್ಚಾಗಿ ಇದಕ್ಕೇ.

ಇನ್ನೊಂದು ಮಾತು, ಇದು ಜೀವದ ವಿಷಯ. ಬಾವಿಗೆ ಕಟ್ಟೆಯ ಮೇಲಿಂದ ನೆಟ್ಟಗೆ ಜಿಗಿದು ರೂಢಿಯಾದವರು ಕೊಳದಲ್ಲೂ ಹಾಗೇ ತಲೆ ಕೆಳಗಾಗಿ ಧುಮುಕುತ್ತಾರೆ. ಸ್ಟಾರ್ಟಿಂಗ್ ಬ್ಲಾಕ್ (ಹಾರಿ ಹೊರಡುವ ಕಟ್ಟೆ) ಇರುವ ಕಡೆ ನೀರು ಕನಿಷ್ಠ 1.35 ಮೀಟರ್ ಆಳ ಇರಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ, ಅದೂ ಚಪ್ಪಟೆಯಾಗಿ ಹಾರುವವರಿಗೆ. ನಾಲ್ಕಡಿ ನೀರಿಗೆ ನೆಟ್ಟಗೆ ತಲೆ ಕೊಟ್ಟರೆ ಕತ್ತಿನ ಮೂಳೆ ಮುರಿಯುತ್ತದೆ. ನಾವು ಹೇಳುವ ತನಕ ಡೈವ್ ಇಲ್ಲ, ಎಂಥ ಈಜುಗಾರನೇ ಇರಲಿ.

ಏನೇನ ಸಾಮಾನ ತರಬೇಕ್ರಿ?

ಮೈಗೆ ಅಂಟುವ ಪಾಲಿಯೆಸ್ಟರ್ ಅಥವಾ ನೈಲಾನ್ ಉಡುಪು, ಕ್ಯಾಪ್, ಗಾಗಲ್ಸ್, ಟವೆಲು, ಹೆಸರು ಬರೆದ ನೀರಿನ ಬಾಟಲಿ. ಕಾಟನ್ ಚಡ್ಡಿ, ಬನಿಯನ್ ಬೇಡ. ನೀರು ಹೀರಿ ಭಾರವಾಗುತ್ತವೆ, ನೂಲು ಬಿಟ್ಟು ಫಿಲ್ಟರ್ ಕಟ್ಟಿಸುತ್ತವೆ. ಸಿಲಿಕಾನ್ ಕ್ಯಾಪ್ ಬೆಲೆ ಜಾಸ್ತಿ, ಆದರೆ ಕೂದಲು ಕೀಳುವುದಿಲ್ಲ.

ಗಾಗಲ್ಸ್ ಕೊಳ್ಳುವಾಗ ಪಟ್ಟಿ ಹಾಕದೆ ಕಣ್ಣಿಗೆ ಒತ್ತಿ ಕೈ ಬಿಡಿ. ಎರಡು ಸೆಕೆಂಡ್ ಅಂಟಿಕೊಂಡು ನಿಂತರೆ ಅದು ಆ ಮುಖದ್ದು. ಬಿದ್ದರೆ ಪಟ್ಟಿ ಎಷ್ಟು ಬಿಗಿದರೂ ನೀರು ಬರುತ್ತದೆ. ಒಳಗಿನ ಗಾಜನ್ನು ಬೆರಳಿನಿಂದ ಒರೆಸಬೇಡಿ, ಮಂಜು ಹಿಡಿಯದಂತೆ ಹಾಕಿದ ಲೇಪ ಕಿತ್ತುಹೋಗುತ್ತದೆ.

ಹೆಣ್ಣುಮಕ್ಕಳಿಗೆ ಬ್ಯಾರೆ ಟೈಮ್ ಅದ ಏನ್ರಿ? ಮೈ ತುಂಬ ಬಟ್ಟಿ ಹಾಕ್ಕೊಂಡು ಈಸಬಹುದಾ?

ಕಲಿಯುವ ಹಂತದಲ್ಲಿ ಬೇರೆ ತಂಡವಿದೆ, ಕಲಿಸುವವರೂ ಹೆಣ್ಣುಮಕ್ಕಳೇ. ತೋಳು, ಕಾಲು ಮುಚ್ಚುವ ಉಡುಪು ನಡೆಯುತ್ತದೆ, ಬಟ್ಟೆ ಈಜುಡುಪಿನದೇ ಆಗಿರಬೇಕು, ಜೋಲುವಂತಿರಬಾರದು. ಸ್ಪರ್ಧೆಯಲ್ಲಿ ಉಡುಪಿನ ನಿಯಮ ಬೇರೆ: ಮೊಣಕಾಲಿನ ಕೆಳಗೆ ಇಳಿಯಬಾರದು, ಭುಜ ದಾಟಬಾರದು, ಕತ್ತು ಮುಚ್ಚಬಾರದು. ಇದರಲ್ಲಿ ವಿನಾಯಿತಿ ಬೇಕಿದ್ದರೆ ಹೆಸರು ಕೊಡುವಾಗಲೇ ಆಯೋಜಕರಿಗೆ ಬರೆದು ಕೇಳಬೇಕು, ಕೂಟದ ದಿನ ರೆಫರಿ ಮುಂದೆ ವಾದ ಮಾಡಿ ಉಪಯೋಗವಿಲ್ಲ.

ಮುಟ್ಟಿನ ದಿನಗಳಲ್ಲಿ ಪ್ಯಾಡ್ ಹಾಕಿಕೊಂಡು ನೀರಿಗಿಳಿಯಲು ಆಗುವುದಿಲ್ಲ, ಅದು ನೀರನ್ನೇ ಹೀರುತ್ತದೆ. ಟ್ಯಾಂಪಾನ್ ಅಥವಾ ಕಪ್ ಬಳಸುವವರು ಈಸಬಹುದು. ಬೇಡ ಎನ್ನುವವರು ಆ ದಿನ ನೆಲದ ಮೇಲಿನ ವ್ಯಾಯಾಮಕ್ಕೆ ಬರಲಿ. ಯಾಕೆ ಎಂದು ಯಾರೂ ಕೇಳುವುದಿಲ್ಲ.

## ನೀರು, ಮೈ, ಊಟ

ಕ್ಲೋರಿನ್ ವಾಸನಿ ಮೂಗಿಗೆ ಹೊಡೀತದ. ಭಾಳ ಹಾಕ್ತೀರೇನ್ರಿ?

ವಾಸನೆ ಹೊಡೆದರೆ ಕ್ಲೋರಿನ್ ಸಾಲದು ಎಂದೇ ಅರ್ಥ. ಮೂಗಿಗೆ ಬರುವುದು ಕ್ಲೋರಮಿನ್. ಬೆವರು, ಉಚ್ಚೆಯ ಜೊತೆ ಕ್ಲೋರಿನ್ ಕೂಡಿದಾಗ ಅದು ಹುಟ್ಟುತ್ತದೆ, ಕಣ್ಣು ಕೆಂಪಾಗಿಸುವುದೂ ಅದೇ. ಅದಕ್ಕೇ ಷವರ್ ಕೆಳಗೆ ನಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಕಳಿಸಬೇಡಿ.

ಲೆಕ್ಕ ಕೇಳುವವರಿಗೆ: 25 ಮೀಟರ್ ಉದ್ದ, 15 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳದಲ್ಲಿ 5,25,000 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಏರಬೇಕೆಂದರೆ 525 ಗ್ರಾಂ ಬೇಕು. ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಶೇ 30ರಷ್ಟು ಎಂದು ಹಿಡಿದರೆ ಒಂದೂಮುಕ್ಕಾಲು ಕಿಲೋ ಪುಡಿ. ನಾವು ಇಡುವ ಮಟ್ಟ 1ರಿಂದ 3 ಮಿಲಿಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿ ನೀರನ್ನಷ್ಟೇ ಸಂಜೆ ಹೊತ್ತು ಮುಳುಗಿದ ಮೇಲೆ ಹಾಕುತ್ತೇವೆ. ನಮ್ಮ ಊರಿನ ಬಿಸಿಲಿಗೆ ಬೆಳಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ.

ಇನ್ನೊಂದು ಕಾಟ ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ. ಬೋರ್‌ವೆಲ್ ನೀರು ಗಡಸು, ಬ್ಲೀಚಿಂಗ್ ಪೌಡರ್ ಅದನ್ನು ಇನ್ನೂ ಮೇಲೆತ್ತುತ್ತದೆ. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಅರ್ಧದಷ್ಟು ಕ್ರಿಮಿ ಕೊಲ್ಲುವ ರೂಪದಲ್ಲಿರುತ್ತದೆ, 8 ದಾಟಿದರೆ ಕಾಲು ಭಾಗವೂ ಉಳಿಯುವುದಿಲ್ಲ. ಅದಕ್ಕೆ 7.2–7.6ರಲ್ಲಿ ಇಡಲು ಆ್ಯಸಿಡ್ ಹಾಕಬೇಕಾಗುತ್ತದೆ. ಆ್ಯಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ವಿಷಗಾಳಿ ಏಳುತ್ತದೆ. ಆ ಎರಡು ಬಕೆಟ್ಟುಗಳ ಬಣ್ಣ ಬೇರೆ, ಇಡುವ ಕೋಣೆಯೂ ಬೇರೆ.

ಮಗಳು ಕಪ್ಪಾಗ್ಯಾಳ್ರಿ, ಕೂದಲ ಒರಟಾಗ್ಯಾವ. ಏನ್ ಮಾಡೋದು?

ಕಪ್ಪಾಗುವುದು ಬಿಸಿಲಿನಿಂದ, ಕ್ಲೋರಿನ್ನಿನಿಂದಲ್ಲ. ಎಂಟು ಗಂಟೆಯೊಳಗೆ ನೀರಿನಿಂದ ಹೊರಬರುವ ತಂಡಕ್ಕೆ ಸೇರಿಸಿ. ಕೂದಲಿಗೆ: ಮೊದಲೇ ಸಾದಾ ನೀರಲ್ಲಿ ಪೂರ್ತಿ ತೋಯಿಸಿ ಕ್ಯಾಪ್ ಹಾಕಿದರೆ ಕೂದಲು ಕೊಳದ ನೀರನ್ನು ಅಷ್ಟು ಹೀರುವುದಿಲ್ಲ. ಆಮೇಲೆ ಕೂಡಲೇ ತೊಳೆಯಲಿ. ಮನೆಗೆ ಹೋದ ಮೇಲೆ ಎಣ್ಣೆ ಹಚ್ಚಲು ನಮ್ಮ ತಕರಾರಿಲ್ಲ.

ಕಿವಿ ನೋಯ್ತದ ಅಂತಾನ. ಎಣ್ಣಿ ಬಿಡ್ಲೇನು?

ಬೇಡ. ಕಿವಿಯ ಆಲೆ ಜಗ್ಗಿದಾಗ ನೋವು ಜಾಸ್ತಿಯಾದರೆ ಹೊರಗಿವಿಯ ಸೋಂಕು ಇರಬಹುದು. ಕಿವಿ ಡಾಕ್ಟರಿಗೆ ತೋರಿಸಿ, ಅವರು ಹೇಳುವ ತನಕ ನೀರಿಗೆ ಇಳಿಸಬೇಡಿ. ಬಾರದಂತೆ ನೋಡಿಕೊಳ್ಳಲು ತಲೆ ವಾಲಿಸಿ ನೀರು ಇಳಿಸಿ, ಟವೆಲಿನ ತುದಿಯಿಂದ ಹೊರಭಾಗ ಮಾತ್ರ ಒರೆಸಿ. ಕಡ್ಡಿ, ಪಿನ್ನು ಹಾಕಬೇಡಿ. ಗೀರಿದ ಚರ್ಮದಲ್ಲೇ ಸೋಂಕು ನೆಲೆ ಹೂಡುತ್ತದೆ.

ಮುಂಜಾನಿ ಏನ್ ತಿನ್ನಿಸಿ ಕಳಿಸಬೇಕ್ರಿ?

ಐದೂವರೆಯ ತಂಡಕ್ಕೆ ಒಂದು ಬಾಳೆಹಣ್ಣು, ಅರ್ಧ ಲೋಟ ನೀರು ಸಾಕು. ಪೂರ್ತಿ ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಆರೂವರೆ ಹೊತ್ತಿಗೆ ತಲೆ ತಿರುಗುತ್ತದೆ. ಈಸಿ ಹೊರಬಂದ ಒಂದು ಗಂಟೆಯೊಳಗೆ ಗಟ್ಟಿ ಊಟ ಬೀಳಬೇಕು: ಜೋಳದ ರೊಟ್ಟಿ, ತೊಗರಿ ಬ್ಯಾಳಿ, ತತ್ತಿ ತಿನ್ನುವವರಿಗೆ ತತ್ತಿ, ಇಲ್ಲದವರಿಗೆ ಶೇಂಗಾ ಹಿಂಡಿ ಮತ್ತು ಮೊಸರು. ಪ್ರೋಟೀನ್ ಪುಡಿಯ ಡಬ್ಬಿ ತಂದು ತೋರಿಸುವವರಿಗೆ ನಾವು ಹೇಳುವುದು ಒಂದೇ, ತೊಗರಿಗೆ ಹೆಸರಾದ ಜಿಲ್ಲೆಯಲ್ಲಿ ಇದ್ದೀರಿ.

ಸ್ಪರ್ಧೆಯ ದಿನ ಬೇರೆ. ರೊಟ್ಟಿ, ಕಾಳು ನಿಧಾನ ಜೀರ್ಣವಾಗುತ್ತವೆ, ಹೊಟ್ಟೆ ಉಬ್ಬುತ್ತದೆ. ಮೂರು ತಾಸು ಮೊದಲು ಸುಸಲಾ, ಅವಲಕ್ಕಿ, ಇಡ್ಲಿ, ಇಂಥವು. ಮಿರ್ಚಿ ಭಜಿ ಕೂಟ ಮುಗಿದ ಮೇಲೆ.

## ವರ್ಷದ ಓಟ ಮತ್ತು ಸ್ಪರ್ಧೆ

ವರ್ಷಪೂರ್ತಿ ಏನ್ ನಡೀತದ? ಥಂಡಿಯಾಗ ಯಾಕ ಬಂದ್ ಇಡ್ತೀರಿ?

ಏಪ್ರಿಲ್, ಮೇ ಶಿಬಿರದ ಕಾಲ. ಸರಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೇ ಶುರುವಾಗುವ ತಿಂಗಳುಗಳಾದ್ದರಿಂದ ಮುಂಜಾವಿನ ತಂಡ ಏಳಕ್ಕೆ ಮುಗಿಯುತ್ತದೆ, ಇಲ್ಲದಿದ್ದರೆ ಕರೆದೊಯ್ಯಲು ಯಾರೂ ಇರುವುದಿಲ್ಲ. ಸ್ಪರ್ಧೆಗೆ ನೀರು 25–28 ಡಿಗ್ರಿ ಇರಬೇಕು, ನಮ್ಮಲ್ಲಿ ಮೇ ಸಂಜೆಗೆ ಮೂವತ್ತು ದಾಟಿರುತ್ತದೆ. ಬಿಸಿ ನೀರಲ್ಲಿ ಜೋರಾಗಿ ಈಸಿದರೆ ಮೈ ಕಾವು ಇಳಿಯುವುದಿಲ್ಲ, ಆದ್ದರಿಂದ ಆಗ ಕಷ್ಟದ ಸೆಟ್ಟುಗಳು ಬೆಳಗ್ಗೆ ಮಾತ್ರ. ನೀರಿನ ಮಟ್ಟ ದಿನಕ್ಕೆ 10 ಮಿ.ಮೀ. ಇಳಿದರೂ 3,750 ಲೀಟರ್ ಆವಿಯಾದಂತೆ. ಶುಲ್ಕದಲ್ಲಿ ಟ್ಯಾಂಕರ್ ಖರ್ಚು ಯಾಕೆ ಎನ್ನುವವರಿಗೆ ಉತ್ತರ ಇಲ್ಲಿದೆ. ಮಳೆಗಾಲದ ಮುಂಚಿನ ಗುಡುಗು ಕೇಳಿದ ಕೂಡಲೇ ಎಲ್ಲರೂ ನೀರಿನಿಂದ ಹೊರಗೆ. ಕೊನೆಯ ಗುಡುಗಾಗಿ 30 ನಿಮಿಷದ ತನಕ ಮತ್ತೆ ಇಳಿಸುವುದಿಲ್ಲ.

ಜೂನಿನಿಂದ ಖಾಯಂ ತಂಡ. ಜುಲೈ 25 ವಿಶ್ವ ಮುಳುಗು ತಡೆ ದಿನ, 2021ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು. ಹಳ್ಳಿಗಳ ಕೆಲಸ ಅಲ್ಲಿಂದ ಶುರು. ಆಗಸ್ಟಿನಿಂದ ಶಾಲಾ ಕ್ರೀಡಾಕೂಟ, ನಂತರ ದಸರಾ ಕ್ರೀಡಾಕೂಟದ ಆಯ್ಕೆ.

ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯ ತನಕ ನೀರಿಗೆ ರಜೆ. ಬಯಲು ಕೊಳ, ಕಾಯಿಸುವ ವ್ಯವಸ್ಥೆ ಇಲ್ಲ. ನೀರು 20 ಡಿಗ್ರಿಗಿಂತ ಕೆಳಗೆ ಹೋದಾಗ ತೆಳ್ಳನೆಯ ಮಕ್ಕಳು ಹದಿನೈದು ನಿಮಿಷಕ್ಕೆ ನಡುಗುತ್ತಾರೆ, ನಡುಗುವ ಮೈಗೆ ತಂತ್ರ ಕಲಿಸಲಾಗದು. ಆಗ ಓಟ, ಹಗ್ಗ ಜಿಗಿತ, ರಬ್ಬರ್ ಪಟ್ಟಿಯಿಂದ ಭುಜದ ವ್ಯಾಯಾಮ. ಅದೇ ಹೊತ್ತಿಗೆ ಟೈಲ್ಸ್‌ಗೆ ಕಟ್ಟಿದ ಸುಣ್ಣದ ಪದರ ಕೆರೆದು, ಫಿಲ್ಟರಿನ ಮರಳು ಬದಲಿಸುತ್ತೇವೆ.

ಎಷ್ಟ್ ದಿನಕ್ಕ ಕಾಂಪಿಟಿಶನ್‌ಗೆ ಕಳಿಸ್ತೀರಿ?

ದಿನದ ಲೆಕ್ಕವಿಲ್ಲ. ನಿಲ್ಲದೆ 200 ಮೀಟರ್ ಈಸಬೇಕು, ಫ್ರೀಸ್ಟೈಲ್ ಜೊತೆ ಇನ್ನೊಂದು ಶೈಲಿಯನ್ನು 50 ಮೀಟರ್ ತಪ್ಪಿಲ್ಲದೆ ಈಸಬೇಕು, ಬ್ಲಾಕಿನಿಂದ ಹಾರಿದಾಗ ಗಾಗಲ್ಸ್ ಕಳಚಬಾರದು. ಮೊದಲು ಕ್ಲಬ್ಬಿನೊಳಗೆ ಎರಡು ತಿಂಗಳಿಗೊಮ್ಮೆ ನಡೆಯುವ ಸಮಯ ಪರೀಕ್ಷೆ. ಅಲ್ಲಿ ಸ್ಪರ್ಧೆ ಪಕ್ಕದ ಲೇನಿನವನ ಜೊತೆಗಲ್ಲ, ತನ್ನದೇ ಹಿಂದಿನ ಸಮಯದ ಜೊತೆ.

ಸಾಲಿ ಕ್ರೀಡಾಕೂಟಕ್ಕೂ ಅಸೋಸಿಯೇಷನ್ ಕೂಟಕ್ಕೂ ಏನ್ ಫರಕ್ರಿ?

ಎರಡು ಬೇರೆ ಏಣಿ. ಶಾಲೆಯ ಏಣಿ ಶಿಕ್ಷಣ ಇಲಾಖೆಯದು: ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರಮಟ್ಟದ ಶಾಲಾ ಕೂಟ. ರಾಷ್ಟ್ರಮಟ್ಟದಲ್ಲಿ 14, 17, 19 ವರ್ಷದೊಳಗಿನವರೆಂದು ವಿಭಾಗ. ಇಲ್ಲಿ ಹೆಸರು ಕಳಿಸಬೇಕಾದವರು ಮಗುವಿನ ಶಾಲೆಯ ದೈಹಿಕ ಶಿಕ್ಷಕರು, ಕ್ಲಬ್ ಅಲ್ಲ. ಪ್ರತಿ ವರ್ಷ ಒಬ್ಬಿಬ್ಬರು ಒಳ್ಳೆಯ ಮಕ್ಕಳು ಕೈಬಿಟ್ಟುಹೋಗುವುದು ಈ ಗೊಂದಲದಿಂದ: ಶಾಲೆ ಕಳಿಸುತ್ತದೆ ಎಂದು ಕ್ಲಬ್ಬು, ಕ್ಲಬ್ಬು ಕಳಿಸುತ್ತದೆ ಎಂದು ಶಾಲೆ. ಜೂನಿನಲ್ಲೇ ದೈಹಿಕ ಶಿಕ್ಷಕರನ್ನು ಕಂಡು ಮಾತಾಡಿ.

ಎರಡನೆಯದು ಕರ್ನಾಟಕ ಈಜು ಸಂಸ್ಥೆಯ ರಾಜ್ಯ ಕೂಟಗಳು, ಅದರ ಮೇಲೆ ಭಾರತ ಈಜು ಫೆಡರೇಶನ್. ಇಲ್ಲಿ ಕ್ಲಬ್ಬಿನ ಮೂಲಕವೇ ಹೋಗಬೇಕು, ಮಗುವಿಗೆ ಫೆಡರೇಶನ್ನಿನ ನೋಂದಣಿ ಸಂಖ್ಯೆ ಇರಬೇಕು. ವಯೋಗುಂಪಿನ ಅಂಕಿ ದೊಡ್ಡದಾದಷ್ಟೂ ಮಕ್ಕಳು ಚಿಕ್ಕವರು, ಅಂದರೆ ಒಂದನೆಯ ಗುಂಪಿನವರೇ ದೊಡ್ಡವರು. ವಯಸ್ಸನ್ನು ಡಿಸೆಂಬರ್ 31ಕ್ಕೆ ಲೆಕ್ಕ ಹಿಡಿಯುತ್ತಾರೆ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರು, ತಾರೀಖು ಒಂದೇ ಇರಲಿ. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದ ಹುಟ್ಟಿದ ದಿನಗಳು ನಮ್ಮ ಕಡೆ ಬಹಳ. ತಿದ್ದಿಸಲು ತಿಂಗಳುಗಳೇ ಬೇಕು, ಕೂಟ ಕಾಯುವುದಿಲ್ಲ.

ನಮ್ಮ ಹುಡುಗಿ ಎಲ್ಲರಕಿಂತ ಮೊದಲ ಮುಟ್ಟಿದ್ಲು. ಡಿಸ್‌ಕ್ವಾಲಿಫೈ ಅಂದ್ರು. ಯಾಕ್ರಿ?

ಪಾಲಕರಿಗೆ ದಂಡೆಯ ಮೇಲಿಂದ ಕಾಣದ ತಪ್ಪುಗಳೇ ಹೆಚ್ಚು.

ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಎರಡರಲ್ಲೂ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ, ಕೈಗಳು ಬೇರೆಬೇರೆಯಾಗಿರುವಂತೆ ಮುಟ್ಟಬೇಕು. ಟರ್ನ್‌ನಲ್ಲಿ ಅವಸರಕ್ಕೆ ಒಂದು ಕೈ ಮೊದಲು ತಾಗಿದರೆ ಮುಗಿಯಿತು. ಒಂದು ಅಂಗೈ ಮೇಲೆ ಇನ್ನೊಂದು ಇಟ್ಟರೂ ತಪ್ಪು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಹಾರಿದ ಮೇಲೆ ಅಥವಾ ಟರ್ನ್ ಆದ ಮೇಲೆ ನೀರೊಳಗೆ ಕೈ ತೊಡೆಯ ತನಕ ಎಳೆಯಲು ಒಂದೇ ಸಲ ಅವಕಾಶ, ಎರಡೂ ಕಾಲು ಕೂಡಿಸಿ ಒದೆಯುವ ಡಾಲ್ಫಿನ್ ಒದೆತವೂ ಒಂದೇ. ಬ್ಯಾಕ್‌ಸ್ಟ್ರೋಕ್ ಮುಗಿಸುವಾಗ ಅಂಗಾತವೇ ಇರಬೇಕು. ಗೋಡೆ ಎಲ್ಲಿದೆ ಎಂದು ಹೊರಳಿ ನೋಡಿದರೆ ಹೊರಗೆ. ಅದಕ್ಕೇ ಗೋಡೆಯಿಂದ 5 ಮೀಟರ್ ಇರುವಂತೆ ಮೇಲೆ ಬಣ್ಣದ ಧ್ವಜಗಳ ಸಾಲು ಕಟ್ಟಿರುತ್ತಾರೆ. ಧ್ವಜ ಕಂಡ ಮೇಲೆ ಗೋಡೆಗೆ ತನಗೆ ಎಷ್ಟು ಕೈ ಬೇಕೆಂದು ಪ್ರತಿ ಮಗು ಎಣಿಸಿ ಇಟ್ಟುಕೊಂಡಿರಬೇಕು. ಬ್ರೆಸ್ಟ್‌ಸ್ಟ್ರೋಕ್ ಬಿಟ್ಟು ಉಳಿದ ಮೂರು ಶೈಲಿಗಳಲ್ಲಿ 15 ಮೀಟರಿನೊಳಗೆ ತಲೆ ನೀರಿನ ಮೇಲೆ ಬರಬೇಕು.

ಆರಂಭದ್ದು ಬೇರೆ ಕತೆ. ಚಿಕ್ಕ ಸೀಟಿಗಳ ಸರಣಿ ಕೇಳಿದರೆ ಸಿದ್ಧರಾಗುವುದು, ಉದ್ದ ಸೀಟಿಗೆ ಬ್ಲಾಕ್ ಏರುವುದು, "ಟೇಕ್ ಯುವರ್ ಮಾರ್ಕ್ಸ್" ಎಂದಾಗ ಕನಿಷ್ಠ ಒಂದು ಕಾಲು ಬ್ಲಾಕಿನ ಮುಂದಿನ ಅಂಚಿಗೆ ತಂದು ಬಗ್ಗಿ ಅಲ್ಲಾಡದೆ ನಿಲ್ಲುವುದು. ಸಂಕೇತಕ್ಕಿಂತ ಮೊದಲು ಹಾರಿದವರಿಗೆ ಎರಡನೆಯ ಅವಕಾಶ ಇಲ್ಲ. ಮಗು ಹೊರಬಿದ್ದಾಗ ದಂಡೆಯಿಂದ ಕೂಗಾಡಬೇಡಿ. ರೆಫರಿಯ ಚೀಟಿಯಲ್ಲಿ ಯಾವ ನಿಯಮ ಎಂದು ಬರೆದಿರುತ್ತದೆ, ಕೋಚ್ ಹೋಗಿ ನೋಡುತ್ತಾರೆ.

ಇಲ್ಲಿ 32 ಸೆಕೆಂಡ್ ಬಂದಿತ್ತು, ಬೆಂಗಳೂರಾಗ 34 ಆಯ್ತು. ಹುಡುಗ ಹಿಂದ ಬಿದ್ದಾನೇನ್ರಿ?

ಇಲ್ಲ. ನಮ್ಮದು 25 ಮೀಟರ್ ಕೊಳ. 50 ಮೀಟರ್ ಈಸುವಾಗ ನಡುವೆ ಒಂದು ಗೋಡೆ ಸಿಗುತ್ತದೆ, ಒದ್ದು ಹೊರಟರೆ ಕೈಬೀಸಿ ಈಸುವುದಕ್ಕಿಂತ ವೇಗ ಜಾಸ್ತಿ. 50 ಮೀಟರ್ ಕೊಳದಲ್ಲಿ ಆ ಗೋಡೆ ಇಲ್ಲ, ಕೊನೆಯ ಹದಿನೈದು ಮೀಟರ್ ಕೈ ಕಲ್ಲಾಗುತ್ತದೆ. ಜೊತೆಗೆ ಇಲ್ಲಿ ಕೈಯಲ್ಲಿ ಹಿಡಿಯುವ ಸ್ಟಾಪ್‌ವಾಚ್, ಅಲ್ಲಿ ಗೋಡೆ ಮುಟ್ಟಿದ ಕೂಡಲೇ ತಾನೇ ಸಮಯ ಹಿಡಿಯುವ ವಿದ್ಯುತ್ ಪಟ್ಟಿ. ಸಂಕೇತ ಕೇಳಿ ಗುಂಡಿ ಒತ್ತುವಾಗ ಬೆರಳು ತಡವಾಗುವುದರಿಂದ ಸ್ಟಾಪ್‌ವಾಚಿನ ಸಮಯ ಸಾಮಾನ್ಯವಾಗಿ ಐದನೇ ಒಂದು ಸೆಕೆಂಡಿನಷ್ಟು ಕಡಿಮೆ ತೋರಿಸುತ್ತದೆ. ಎರಡೂ ಬಗೆಯ ಸಮಯಗಳನ್ನು ಬೇರೆಬೇರೆ ಪುಟದಲ್ಲಿ ಬರೆದಿಡಿ. 25ರದನ್ನು 25ರ ಜೊತೆ, 50ರದನ್ನು 50ರ ಜೊತೆ ಹೋಲಿಸಿ.

ಒಂದು ದಿನದ ಪ್ರಾಕ್ಟೀಸ್‌ನಾಗ ಎಷ್ಟು ಈಸಸ್ತೀರಿ? ಎರಡ್ ತಾಸು ಮಾಡ್ಸಿದ್ರ ಬೇಗ ಬರ್ತದಲ್ಲ?

ಹನ್ನೆರಡು–ಹದಿಮೂರರ ಸ್ಪರ್ಧಾ ತಂಡದ ಒಂದು ಸಾಧಾರಣ ಬೆಳಗು 2,000 ಮೀಟರ್: ಮೈ ಬಿಸಿಗೆ 400; ತಂತ್ರಕ್ಕೆ 8 ಸಲ 50; ಮುಖ್ಯ ಸೆಟ್ 10 ಸಲ 50, ಒಂದೂಕಾಲು ನಿಮಿಷಕ್ಕೊಮ್ಮೆ ಹೊರಡುವುದು; ಕಾಲಿಗೆ 6 ಸಲ 50; ಬ್ಲಾಕಿನಿಂದ 4 ಸಲ 25, ಪೂರ್ತಿ ವೇಗ; ಕೊನೆಗೆ ನಿಧಾನ 300. ಮುಖ್ಯ ಸೆಟ್‌ನಲ್ಲಿ ನಾವು ನೋಡುವುದು ಮೊದಲ 50ರ ಸಮಯವನ್ನಲ್ಲ, ಹತ್ತನೆಯದನ್ನು. ಎಂಟನೆಯದರ ಹೊತ್ತಿಗೆ ಮೊಣಕೈ ನೀರಿಗೆ ಬಿದ್ದು, ಕೈ ನಡುಗೆರೆ ದಾಟಿ ಅಡ್ಡ ಹೋಗತೊಡಗಿದರೆ ಅಲ್ಲಿಗೆ ನಿಲ್ಲಿಸುತ್ತೇವೆ. ದಣಿದ ಮೇಲೆ ಈಸಿದ ಪ್ರತಿ ಮೀಟರೂ ತಪ್ಪನ್ನೇ ಗಟ್ಟಿ ಮಾಡುತ್ತದೆ, ಭುಜ ನೋವೂ ಅಲ್ಲಿಂದಲೇ. ಹತ್ತು ವರ್ಷದೊಳಗಿನವರಿಗೆ ಇದರ ಅರ್ಧ, ವಾರಕ್ಕೆ ಮೂರು ದಿನ.

ಕೂಟಕ್ಕೆ ಹತ್ತು ದಿನ ಇರುವಾಗ ದೂರ ಇಳಿಸುತ್ತೇವೆ, ವೇಗ ಇಳಿಸುವುದಿಲ್ಲ. "ಈಗೇ ಕಮ್ಮಿ ಮಾಡಿದ್ರ ಹ್ಯಾಂಗ್ರಿ" ಎಂದು ಆಗ ಫೋನು ಬರುವುದು ನಮಗೆ ರೂಢಿ.

ಬೆಂಗಳೂರಿಗೆ ಹೋಗೋವಾಗ ಏನ್ ಲಕ್ಷ್ಯ ಇಡಬೇಕ್ರಿ?

ರಾತ್ರಿ ರೈಲಿನಲ್ಲಿ ಹೋಗಿ ಅದೇ ಬೆಳಗ್ಗೆ ಈಸಬಾರದು, ಒಂದು ದಿನ ಮೊದಲೇ ಮುಟ್ಟಿರಬೇಕು. ಐದರಿಂದ ಹನ್ನೆರಡರೊಳಗಿನ ಮಗುವಿಗೆ ಅರ್ಧ ಟಿಕೆಟ್ ತೆಗೆದರೆ ಬರ್ತ್ ಇಲ್ಲ. ನಿದ್ದೆಗೆಟ್ಟ ಮಗುವಿನ ಸಮಯ ಹಾಳು, ಪೂರ್ತಿ ಟಿಕೆಟ್ಟೇ ತೆಗೆಯಿರಿ. ಚೀಲದಲ್ಲಿ ಎರಡು ಗಾಗಲ್ಸ್, ಎರಡು ಕ್ಯಾಪ್, ಎರಡು ಟವೆಲು, ಜರ್ಸಿ ಅಂಗಿ. ಬೆಂಗಳೂರಿನ ಮುಂಜಾವಿನ ಗಾಳಿಗೆ ನಮ್ಮ ಮಕ್ಕಳು ತಮ್ಮ ಹೀಟ್ (ಸರದಿಯ ಸುತ್ತು) ಕರೆಯುವ ತನಕ ಒದ್ದೆ ಮೈಯಲ್ಲಿ ಕುಂತು ಮರಗಟ್ಟುತ್ತಾರೆ. ಸಿಕ್ಕಿದ್ದನ್ನೆಲ್ಲ ತಿನ್ನಿಸದೆ ಮನೆಯಿಂದ ಒಣ ಚಪಾತಿ, ಶೇಂಗಾ ಚಿಕ್ಕಿ ಒಯ್ಯಿರಿ.

ಒಂದು ಕೈ ಇಲ್ಲದ ಮಗನ್ನ ಸೇರಿಸ್ಕೋತೀರಾ?

ಖಂಡಿತ. ಪ್ಯಾರಾ ಈಜಿನಲ್ಲಿ ದೈಹಿಕ ನ್ಯೂನತೆಗೆ ಎಸ್1ರಿಂದ ಎಸ್10, ದೃಷ್ಟಿಗೆ ಎಸ್11ರಿಂದ ಎಸ್13, ಬೌದ್ಧಿಕ ನ್ಯೂನತೆಗೆ ಎಸ್14 ಎಂದು ವರ್ಗಗಳಿವೆ. ಅಂಕಿ ಕಡಿಮೆಯಾದಷ್ಟೂ ದೈಹಿಕ ಅಡಚಣೆ ಹೆಚ್ಚು. ಬೆಂಗಳೂರಿನ ಶರತ್ ಗಾಯಕವಾಡ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟ ಒಂದರಲ್ಲೇ ಆರು ಪದಕ ತಂದರು. ಕಣ್ಣು ಕಾಣದ ಮಗುವಿಗೆ ಗೋಡೆ ಹತ್ತಿರ ಬಂದಾಗ ಮೆತ್ತನೆ ತುದಿಯ ಕೋಲಿನಿಂದ ತಟ್ಟಿ ಹೇಳುವವರು ಬೇಕು. ಕೇಳಿಸದ ಮಗುವಿಗೆ ಕೈಸನ್ನೆಯಲ್ಲಿ ಸ್ಟಾರ್ಟ್ ಕೊಡುತ್ತೇವೆ.

ನನಗ ಈಸಾಕ ಬರೂದಿಲ್ಲ. ಕೂಟದಾಗ ಏನರ ಕೆಲಸ ಕೊಡ್ರಿ.

ಗಡಿಯಾರ ಹಿಡಿಯಿರಿ. ಲೇನಿಗೆ ಮೂವರು ಬೇಕು. ಮೂರು ಸಮಯಗಳಲ್ಲಿ ನಡುವಿನದೇ ಅಧಿಕೃತ. ಸ್ಟಾರ್ಟರ್ ಯಂತ್ರದ ಬೆಳಕು ನೋಡಿ ಒತ್ತಿ, ಸದ್ದು ಕೇಳಿ ಅಲ್ಲ: 25 ಮೀಟರ್ ದೂರ ಬರಲು ಸದ್ದಿಗೆ ಸೆಕೆಂಡಿನ ನೂರರಲ್ಲಿ ಏಳು ಭಾಗ ಬೇಕು, ಪದಕ ತಪ್ಪಲು ಅಷ್ಟೇ ಸಾಕು. ಹೆಬ್ಬೆರಳಿಗಿಂತ ತೋರುಬೆರಳು ಚುರುಕು. ಮುಗಿಯುವಾಗ ದಂಡೆಯ ಅಂಚಿಗೆ ಬಂದು ಬಗ್ಗಿ ಕೈ ಗೋಡೆ ಮುಟ್ಟುವುದನ್ನು ಕಣ್ಣಾರೆ ನೋಡಿ ಒತ್ತಬೇಕು. ನಿಮ್ಮ ಮಗು ಈಸುವ ಲೇನ್ ಮಾತ್ರ ಕೊಡುವುದಿಲ್ಲ.

## ಊರಿನ ಕೆಲಸ

ಪದಕಕ್ಕ ಈಸೋ ಹುಡುಗರಿಗೆ ಹಗ್ಗ ಒಗಿಯೋದು ಯಾಕ ಕಲಿಸ್ತೀರಿ? ಟೈಮ್ ಹಾಳಲ್ಲೇನ್ರಿ?

ಅಲ್ಲ. ಈ ಕ್ಲಬ್ಬಿನಲ್ಲಿ ಮುಳುಗುವವರಿಗೆ ಹಗ್ಗ ಎಸೆಯಲು ಬಾರದವರ ಹೆಸರು ಕೂಟಕ್ಕೆ ಹೋಗುವುದೇ ಇಲ್ಲ. ಕಾರಣ, ಮಕ್ಕಳು ಮುಳುಗುವುದು ಲೇನ್ ಎಳೆದ ಕೊಳದಲ್ಲಲ್ಲ. ಮುಳುಗುವ ಗೆಳೆಯನನ್ನು ಹಿಡಿಯಲು ಮೊದಲು ಜಿಗಿಯುವವನು "ನನಗ ಈಸಾಕ ಬರ್ತದ" ಎನ್ನುವ ಹುಡುಗನೇ. ಮುಳುಗುವವನು ಕತ್ತಿಗೆ ಬಿದ್ದರೆ ರಾಜ್ಯಮಟ್ಟದ ಈಜುಗಾರನೂ ಬಿಡಿಸಿಕೊಳ್ಳಲಾರ.

ನಮ್ಮ ಸುತ್ತಿನ ನೀರು ಮೂರು ಬಗೆ, ಮೂರರ ಮೋಸವೂ ಬೇರೆ. ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಇಳಿಜಾರು ಒದ್ದೆಯಾದರೆ ಸಾಬೂನಿನಂತೆ. ಈಸು ಬಂದವನೂ ದಂಡೆಗೆ ಬಂದು ಹತ್ತಲಾಗದೆ ಜಾರಿ ಜಾರಿ ಸುಸ್ತಾಗುತ್ತಾನೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಫರಸಿ ಖಣಿಗಳು ಮಳೆಗೆ ತುಂಬಿ ಕೆರೆಯಂತೆ ಕಾಣುತ್ತವೆ, ಆದರೆ ಅಂಚು ಗೋಡೆಯಂತೆ ನೆಟ್ಟಗೆ. ಎರಡು ಹೆಜ್ಜೆ ಮೊಣಕಾಲು ನೀರು, ಮೂರನೆಯದಕ್ಕೆ ತಳವಿಲ್ಲ. ಭೀಮೆಯದು ಇನ್ನೊಂದು ತರಹ. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಹನಿ ಮಳೆಯಾಗದಿದ್ದರೂ ಹೊಳೆ ಏರುತ್ತದೆ. 2020ರ ಅಕ್ಟೋಬರಿನ ಹೊಳೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಗಾಣಗಾಪುರದ ಸಂಗಮದಲ್ಲಿ ಮೀಯುವವರು ಮಳೆಗಾಲದ ತಿಂಗಳುಗಳಲ್ಲಿ ಮೆಟ್ಟಿಲು ಬಿಟ್ಟು ಇಳಿಯಬಾರದು.

ಕಲಿಸುವ ಕ್ರಮ: ಮೊದಲು ಕೂಗಿ ಜನ ಕರೆ, ಆಮೇಲೆ ಕೋಲು ಚಾಚು, ಮುಟ್ಟದಿದ್ದರೆ ಎಸೆ, ನೀರಿಗೆ ಇಳಿಯಬೇಡ. ಐದು ಲೀಟರಿನ ಎಣ್ಣೆ ಡಬ್ಬಿಗೆ ಎರಡು ಬೆರಳು ನೀರು ಹಾಕಿ ಮುಚ್ಚಳ ಬಿಗಿದು 15 ಮೀಟರ್ ಹಗ್ಗ ಕಟ್ಟಬೇಕು. ಖಾಲಿ ಡಬ್ಬಿಯನ್ನು ಗಾಳಿ ಹೊತ್ತೊಯ್ಯುತ್ತದೆ, ಆ ಎರಡು ಬೆರಳು ನೀರು ಅದಕ್ಕೇ. ಮುಳುಗುವವನ ಮೇಲಲ್ಲ, ಅವನ ಭುಜದ ಆಚೆಗೆ ಎಸೆಯಬೇಕು, ಹಗ್ಗ ಮೈಗೆ ತಾಗುವಂತೆ. ಎಳೆಯುವ ಮುಂಚೆ ದಂಡೆಯಲ್ಲಿ ಬೋರಲು ಮಲಗಬೇಕು, ನಿಂತು ಎಳೆದವನೇ ಒಳಗೆ ಹೋಗುತ್ತಾನೆ. ಹಗ್ಗ ಇಲ್ಲದಿದ್ದರೆ ಸೀರೆ, ಧೋತರ, ಹಿರಿಯರ ತಲೆಯ ರುಮಾಲು.

ನಮ್ಮ ಹಳ್ಳಿಗೆ ಬಂದು ಕಲಿಸ್ತೀರೇನ್ರಿ?

ಜುಲೈ–ಆಗಸ್ಟ್ ಭಾನುವಾರಗಳಲ್ಲಿ ಬರುತ್ತೇವೆ. ಶಾಲೆಯ ಅಂಗಳ, ಮೂವತ್ತು ಮಕ್ಕಳು, ಎರಡು ತಾಸು ಸಾಕು. ನೀರು ಬೇಕಿಲ್ಲ, ಸುಣ್ಣದಲ್ಲಿ ಗೆರೆ ಎಳೆದು ಡಬ್ಬಿ ಎಸೆಯಿಸುತ್ತೇವೆ. ಬದಲಿಗೆ ಊರವರು ಒಂದು ಕೆಲಸ ಮಾಡಬೇಕು: ಪ್ರತಿ ಕೃಷಿ ಹೊಂಡದ ಎರಡು ಬದಿಗೆ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ನೀರಿನ ತನಕ ಇಳಿಬಿಡುವುದು. ಸುತ್ತ ಬೇಲಿ ಇನ್ನೂ ಒಳ್ಳೆಯದು. ಆದರೆ ಬೇಲಿಗೆ ದುಡ್ಡು ಕೂಡುವ ತನಕ ಹಗ್ಗ ಕಾಯಬೇಕಿಲ್ಲ.

ನೀರು ಕುಡದವರಿಗೆ ಹೊಟ್ಟಿ ಒತ್ತಬೇಕಾ, ತಲಿ ಕೆಳಗ ಮಾಡಿ ತಿರಗಿಸಬೇಕಾ?

ಎರಡೂ ಬೇಡ. ಹೊಟ್ಟೆ ಒತ್ತಿದರೆ ವಾಂತಿ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ತಿರುಗಿಸುವಷ್ಟರಲ್ಲಿ ಮಿದುಳಿಗೆ ಗಾಳಿ ಇಲ್ಲದ ನಿಮಿಷಗಳು ಕಳೆದುಹೋಗುತ್ತವೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಬ್ಬರು 112 ಅಥವಾ 108ಕ್ಕೆ ಫೋನ್ ಹಚ್ಚಲಿ. ಕರೆದರೆ ಓಗೊಡದಿದ್ದರೆ, ಸರಿಯಾಗಿ ಉಸಿರಾಡದಿದ್ದರೆ, ಗದ್ದ ಎತ್ತಿ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಡಿ, ಎದೆ ಏಳುವುದು ಕಾಣಬೇಕು. ಮುಳುಗಿದವರಲ್ಲಿ ಮೊದಲು ತೀರಿರುವುದು ಗಾಳಿ, ಅದಕ್ಕೇ ಮೊದಲು ಉಸಿರು. ನಂತರ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಉಸಿರು, ಇದೇ ಕ್ರಮ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ಆಳ ದೊಡ್ಡವರಿಗೆ 5ರಿಂದ 6 ಸೆಂ.ಮೀ., ಮಕ್ಕಳಿಗೆ ಎದೆಯ ದಪ್ಪದ ಮೂರರಲ್ಲೊಂದು ಭಾಗ. ಬಾಯಿಂದ ನೊರೆ ಬಂದರೆ ಒರೆಸುತ್ತ ಕೂರಬೇಡಿ, ಮುಂದುವರಿಸಿ. ಎದ್ದು ಕುಂತು ಮಾತಾಡಿದರೂ ಆಸ್ಪತ್ರೆಗೆ ಒಯ್ಯಬೇಕು. ಶ್ವಾಸಕೋಶದ ತೊಂದರೆ ಕೆಲವು ತಾಸು ಬಿಟ್ಟು ಕಾಣಿಸಿಕೊಳ್ಳಬಹುದು.

ಹುಡುಗಗ ಹದಿನೈದಾತು, ಪದಕ ಬರಲಿಲ್ಲ. ಬಿಡಿಸಬೇಕಂತ ಮಾಡೀವಿ.

ಎಸ್ಸೆಸ್ಸೆಲ್ಸಿ ವರ್ಷಕ್ಕೆ ವಾರಕ್ಕೆ ಎರಡು ದಿನ, ನಲವತ್ತು ನಿಮಿಷದ ತಂಡವಿದೆ, ಶುಲ್ಕ ಅರ್ಧ. ಸ್ಪರ್ಧೆ ಬೇಡವೆಂದರೆ ಕಿರಿಯರಿಗೆ ತೇಲುವುದು ಕಲಿಸಲು, ಹಳ್ಳಿಗಳಿಗೆ ನಮ್ಮ ಜೊತೆ ಬರಲು ದೊಡ್ಡ ಹುಡುಗರು ಬೇಕೇ ಬೇಕು. ಹದಿನೆಂಟು ತುಂಬಿದ ಮೇಲೆ ಜೀವರಕ್ಷಕ ತರಬೇತಿಗೂ ಹೋಗಬಹುದು. ಬಿಡಿಸುವುದೇ ಆದರೆ ಕಚೇರಿಗೆ ತಿಳಿಸಿ ಗುರುತಿನ ಚೀಟಿ ವಾಪಸ್ ಕೊಡಿ, ಠೇವಣಿ ಹಣ ಅದೇ ದಿನ ಸಿಗುತ್ತದೆ.